ನ್ವೋಯೆ ಯಾಕೆ ಚರ್ಚ್ ಸೇರಿದ? ೧೬ಕ್ಕಿಂತ ಮೊದಲು ೭ನೇ ಅಧ್ಯಾಯ ಓದಿ

ನ್ವೋಯೆ ಕ್ರೈಸ್ತನಾದ ಬಗ್ಗೆ ನೀವು ಬರೆದ ಪ್ರಬಂಧವನ್ನ ನಿಮ್ಮ ಗೈಡ್ 'ಏಕಪಕ್ಷೀಯ' ಅಂದಿರೋದಕ್ಕೆ ಕಾರಣ ಬಹುಶಃ ಇದು: ನೈಜೀರಿಯಾದ ಲೇಖಕ ಚಿನುವಾ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' (1958) ಕಾದಂಬರಿಯಲ್ಲಿ ನಾಯಕ ಒಕೊಂಕ್ವೋನ ಮಗ ನ್ವೋಯೆಯ ಮತಾಂತರವನ್ನ ನೀವು ಮಿಷನರಿಗಳು ಬಂದ ಮೇಲಿಂದ ಶುರು ಮಾಡಿದ್ದೀರಿ. ಅಚಿಬೆ ಅದನ್ನ ತುಂಬಾ ಮೊದಲೇ ಶುರು ಮಾಡ್ತಾನೆ.

ಮೊದಲು 7ನೇ ಅಧ್ಯಾಯದ ಕೊನೆ ಓದಿ. ಬೇರೆ ಊರಿಂದ ಬಂದು ಅವರ ಮನೆಯಲ್ಲೇ ಅಣ್ಣನಂತಿದ್ದ ಹುಡುಗ ಇಕೆಮೆಫುನಾನನ್ನ ಕೊಂದು ಅಪ್ಪ ಮನೆಗೆ ಬಂದ ರಾತ್ರಿ, ಯಾರೂ ಹೇಳದೆಯೇ ನ್ವೋಯೆಗೆ ಗೊತ್ತಾಗುತ್ತೆ. ಅದೇ ಜಾಗದಲ್ಲಿ ಇನ್ನೊಂದು ನೆನಪಿದೆ: ಅವಳಿ ಹುಟ್ಟೋದು ಅನಿಷ್ಟ ಅಂತ ಕಾಡಿನಲ್ಲಿ ಎಸೆದ ಕೂಸಿನ ಅಳು. ಇದನ್ನ ಓದುಗರು ಸಾಮಾನ್ಯವಾಗಿ ಹಾರಿಸಿಬಿಡ್ತಾರೆ!

ಆಮೇಲೆ 16ಕ್ಕೆ ಹೋಗಿ. ಮಿಷನರಿಗಳು ಹೇಳೋ, ಒಬ್ಬನೇ ದೇವರು ಮೂವರಾಗಿರೋ ತರ್ಕ ಅವನಿಗೆ ಅರ್ಥವೇ ಆಗಲ್ಲ. ಅವನನ್ನ ಹಿಡಿಯೋದು ಕತ್ತಲಲ್ಲಿ ಭಯದಿಂದ ಕೂತವರ ಹಾಡು. ಈ ಎರಡು ಅಧ್ಯಾಯಗಳನ್ನ ಜೋಡಿಸಿದರೆ ಅರ್ಧ ಪ್ರಬಂಧ ಮುಗೀತು.

17, 18ರಲ್ಲಿ ಯಾರು ಚರ್ಚ್ ಸೇರ್ತಾರೆ ನೋಡಿ: ನಾಲ್ಕು ಸಲವೂ ಅವಳಿ ಹೆತ್ತು ಕಳಕೊಂಡ ಬಸುರಿ ನೆಕಾ, ಕೂದಲು ಕತ್ತರಿಸಬಾರದೆಂಬ ಕಟ್ಟಿನ, ಊರು ದೂರ ಇಟ್ಟಿದ್ದ ಒಸು ಜನ.

ಹಾಗಂತ ಮಿಷನರಿಗಳ ವಕಾಲತ್ತು ವಹಿಸಬೇಡಿ. 20ರಲ್ಲಿ ಚರ್ಚಿನ ಬೆನ್ನಿಗೇ ಕೋರ್ಟು, ಜೈಲು ಬಂದಿರುತ್ತೆ. 22ರಲ್ಲಿ ಮತಾಂತರಗೊಂಡ ಇನೋಕ್ ಪೂರ್ವಜರ ಆತ್ಮದ ವೇಷಧಾರಿಯ ಮುಖವಾಡ ಕಿತ್ತೆಸೆದಾಗ ಹಿಂದಿನ ಮಿಷನರಿ ಬ್ರೌನ್‌ನ ಮೃದುತನಕ್ಕೂ ಅವನ ಜಾಗಕ್ಕೆ ಬಂದ ಸ್ಮಿತ್‌ನ ಹಟಕ್ಕೂ ಇರೋ ವ್ಯತ್ಯಾಸ ಸ್ಪಷ್ಟವಾಗುತ್ತೆ.

ನಿಮ್ಮ ಗೈಡ್‌ಗೆ ಬೇಕಿದ್ದದ್ದು ಇದೇ ಅಂತ ನನ್ನ ಊಹೆ. ಮೊದಲ ಪ್ಯಾರಾ ಬದಲಿಸಿ, ಇಕೆಮೆಫುನಾನಿಂದ ಶುರು ಮಾಡಿ ಒಮ್ಮೆ ತೋರಿಸಿ.