ಹಾಡು ಬೇರೆ, ಹಾಡಿದವನು ಬೇರೆ ಅನ್ನಬಹುದೇ?

ಶಿವಮೊಗ್ಗದ ಶಾಲಾ ಶಿಕ್ಷಕಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರ ಉದ್ದವಿದೆ, ಸಾರಾಂಶ ಇಷ್ಟು:

"ಶಾಲೆಯ ವಾರ್ಷಿಕೋತ್ಸವಕ್ಕೆ ಏಳನೇ ಕ್ಲಾಸಿನ ಮಕ್ಕಳಿಂದ 'ಐ ಬಿಲೀವ್ ಐ ಕ್ಯಾನ್ ಫ್ಲೈ' ಹಾಡಿಸಲು ಹೊರಟಿದ್ದೆ. ಮಕ್ಕಳು ಚೆನ್ನಾಗಿ ಕಲಿತಿದ್ದರು. ಹೊಸದಾಗಿ ಬಂದ ಕಂಪ್ಯೂಟರ್ ಟೀಚರ್, ಇದನ್ನು ಹಾಡಿದ ಆರ್. ಕೆಲ್ಲಿ ಈಗ ಜೈಲಿನಲ್ಲಿದ್ದಾನೆ, ಯಾಕೆ ಗೊತ್ತಾ ಎಂದರು. ಸ್ಟಾಫ್ ರೂಮಿನಲ್ಲಿ ವಾದವೋ ವಾದ. ಹಾಡು ಏನು ತಪ್ಪು ಮಾಡಿದೆ ಎಂದು ನಾನು ಕೇಳಿದೆ. ಮನೆಗೆ ಬಂದ ಮೇಲೆ ಇನ್ನೊಂದು ನೆನಪಾಯಿತು. ಕಾಲೇಜಿನ ದಿನಗಳಿಂದ ನಾನು ಕೇಳುತ್ತಿದ್ದ ಕರ್ನಾಟಕ ಸಂಗೀತದ ಕಲಾವಿದರೊಬ್ಬರ ಹೆಸರು 2018ರ ಮೀ ಟೂ ಆರೋಪಗಳಲ್ಲಿ ಬಂತು. ಅವರ ಕ್ಯಾಸೆಟ್‌ಗಳನ್ನು ಎಸೆಯಲೂ ಆಗಿಲ್ಲ, ಹಾಕಿ ಕೇಳಲೂ ಆಗಿಲ್ಲ. ಸಂಗೀತವನ್ನು ಕಲಾವಿದನಿಂದ ಬೇರೆ ಮಾಡಿ ಕೇಳಬಹುದೇ? ಸಂಗೀತ ಕಲಿಯುತ್ತಿರುವ ಮಗಳಿಗೆ ಏನು ಹೇಳಲಿ?"

ನಮಸ್ಕಾರ ಮೇಡಂ,

ನೇರವಾಗಿ ಹೇಳುತ್ತೇನೆ. ಆ ಹಾಡನ್ನು ಮಕ್ಕಳಿಂದ ಹಾಡಿಸಬೇಡಿ. ಕ್ಯಾಸೆಟ್ ಎಸೆಯಬೇಕಾಗಿಲ್ಲ. ಎರಡಕ್ಕೂ ಬೇರೆ ಬೇರೆ ಉತ್ತರ ಯಾಕೆ ಅಂದರೆ, ಒಂದು ನಿಮ್ಮ ಕಿವಿಯ ವಿಷಯ, ಇನ್ನೊಂದು ವೇದಿಕೆಯ ವಿಷಯ. ನಾವು ಇವೆರಡನ್ನೂ ಬೆರೆಸಿಕೊಂಡು ಜಗಳವಾಡುತ್ತೇವೆ.

ಮೊದಲು ಕೆಲ್ಲಿಯ ಕತೆ. ನಿಮ್ಮ ಸ್ಟಾಫ್ ರೂಮಿನಲ್ಲಿ ಇದು ಪೂರ್ತಿ ಯಾರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ನೀವು ಆರಿಸಿದ ಹಾಡು 1996ರದ್ದು. ಒಂದು ಸಿನಿಮಾಕ್ಕಾಗಿ ಬರೆದದ್ದು. 1998ರಲ್ಲಿ ಮೂರು ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಮೆಲ್ಲಗೆ ಶುರುವಾಗಿ, ಕೊನೆಗೆ ಚರ್ಚ್ ಗಾಯನದ ಹಾಗೆ ಹತ್ತಾರು ದನಿಗಳು ಸೇರಿಕೊಳ್ಳುವ ಹಾಡು. ಶಾಲೆಗಳಿಗೆ ಹೇಳಿ ಮಾಡಿಸಿದಂತಿದೆ. ಅಮೆರಿಕದ ಶಾಲೆಗಳ ಪದವಿ ಸಮಾರಂಭಗಳಲ್ಲಿ ಇದನ್ನು ವರ್ಷಗಟ್ಟಲೆ ಹಾಡಿಸಿದರು.

ಆ ಹೊತ್ತಿಗಾಗಲೇ ಆ ಮನುಷ್ಯನ ನಡತೆ ಗುಟ್ಟಾಗೇನೂ ಇರಲಿಲ್ಲ. ಆಲಿಯಾ ಎಂಬ ಗಾಯಕಿಯ ಮೊದಲ ಆಲ್ಬಂ 1994ರಲ್ಲಿ ಬಂತು. ಹಾಡು ಬರೆದು ಆಲ್ಬಂ ಮಾಡಿಕೊಟ್ಟವನು ಕೆಲ್ಲಿಯೇ. 'ವಯಸ್ಸು ಬರೀ ಒಂದು ಸಂಖ್ಯೆ' ಎಂಬ ಅರ್ಥದ ಹೆಸರು ಅದಕ್ಕೆ. ಅದೇ ವರ್ಷ ಆಗಸ್ಟ್‌ನಲ್ಲಿ ಅವನು ಅವಳನ್ನು ಮದುವೆಯಾದ. ಅವನಿಗೆ 27, ಹುಡುಗಿಗೆ 15. ಕಾಗದದಲ್ಲಿ 18 ಎಂದು ಬರೆಸಿದ್ದರು. ಅವಳಿಗೆ ಸುಳ್ಳು ಗುರುತಿನ ಚೀಟಿ ಮಾಡಿಸಲು ಸರ್ಕಾರಿ ನೌಕರನೊಬ್ಬನಿಗೆ 500 ಡಾಲರ್ ಲಂಚ ಕೊಟ್ಟೆ ಎಂದು ಅವನ ಹಳೆಯ ಮ್ಯಾನೇಜರೇ ಮುಂದೆ ನ್ಯಾಯಾಲಯದಲ್ಲಿ ಹೇಳಿದ.

ಈಗ ಹೇಳಿ, ಆ ಆಲ್ಬಂನಲ್ಲಿ ಹಾಡು ಎಲ್ಲಿ ಮುಗಿಯುತ್ತದೆ, ನಡತೆ ಎಲ್ಲಿ ಶುರುವಾಗುತ್ತದೆ? ಹದಿನೈದರ ಹುಡುಗಿಯ ಬಾಯಲ್ಲಿ ವಯಸ್ಸಿಗೆ ಅರ್ಥವಿಲ್ಲ ಎಂದು ಹಾಡಿಸಿದವನೇ ಅವಳನ್ನು ಮದುವೆಯಾದ. ಇಲ್ಲಿ ಬೇರೆ ಮಾಡುವ ಮಾತೇ ಬರುವುದಿಲ್ಲ.

2008ರಲ್ಲಿ ಷಿಕಾಗೋದಲ್ಲಿ ಅವನ ಮೇಲೆ ವಿಚಾರಣೆ ನಡೆಯಿತು. ಅಪ್ರಾಪ್ತ ಹುಡುಗಿಯ ಜೊತೆಗಿನ ವಿಡಿಯೊ ಅದರ ಕೇಂದ್ರ. ಆ ಹುಡುಗಿ ಸಾಕ್ಷಿ ಹೇಳಲಿಲ್ಲ. ಅವನು ಖುಲಾಸೆಯಾದ. ಹದಿನಾಲ್ಕು ವರ್ಷಗಳ ನಂತರ, 2022ರಲ್ಲಿ, ಅದೇ ಹುಡುಗಿ, ಆಗ 37 ವರ್ಷದ ಹೆಂಗಸು, ಷಿಕಾಗೋದ ಫೆಡರಲ್ ನ್ಯಾಯಾಲಯಕ್ಕೆ ಬಂದು, ವಿಡಿಯೊದಲ್ಲಿರುವುದು ನಾನೇ, ಆಗ ನನಗೆ 14 ಎಂದಳು. ಅವನು ಅವಳ ಮನೆಯವರಿಗೆ ಬೇಕಾದವನಾಗಿದ್ದ. ಅವಳ ಗಾಡ್‌ಫಾದರ್, ಧರ್ಮಪಿತ ಅನ್ನಿಸಿಕೊಂಡಿದ್ದ. ಆ ಸಂಬಂಧ ಬೆಳೆದದ್ದೂ ಸಂಗೀತದ ನೆಪದಲ್ಲೇ. ಅದಕ್ಕೂ ಒಂದು ವರ್ಷ ಮೊದಲು, 2021ರ ಸೆಪ್ಟೆಂಬರ್‌ನಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್ ನ್ಯಾಯಾಲಯ ಅವನನ್ನು ಲೈಂಗಿಕ ಸಾಗಣೆ ಸೇರಿದಂತೆ ಒಂಬತ್ತು ಆರೋಪಗಳಲ್ಲೂ ತಪ್ಪಿತಸ್ಥ ಎಂದಿತ್ತು. ಅಲ್ಲಿ 30 ವರ್ಷ ಶಿಕ್ಷೆ, ಷಿಕಾಗೋದಲ್ಲಿ 20 ವರ್ಷ. ಬಹುಪಾಲು ಒಟ್ಟಿಗೇ ಅನುಭವಿಸಬೇಕು.

ಇದನ್ನೆಲ್ಲ ಇಷ್ಟು ಉದ್ದ ಯಾಕೆ ಬರೆದೆ ಅಂದರೆ, 'ಕಲೆ ಬೇರೆ, ಕಲಾವಿದ ಬೇರೆ' ಎಂದು ಹೇಳುವಾಗ ಒಂದು ವಿಷಯ ಮರೆತುಹೋಗುತ್ತದೆ. ಅವನು ಬೇರೆ ಇಡಲಿಲ್ಲ. ಸ್ಟೇಜಿನ ಹಿಂದೆ ಬಾ, ನಿನ್ನ ದನಿ ಕೇಳಬೇಕು, ನಿನಗೂ ಹಾಡಿನ ಅವಕಾಶ ಕೊಡುತ್ತೇನೆ ಎಂದು ಹುಡುಗಿಯರನ್ನು ಕರೆದ. ಅವರ ಅಪ್ಪ ಅಮ್ಮಂದಿರು ನಂಬಿದ್ದು ಆ ಹೆಸರನ್ನು. ಆ ಹೆಸರು ಬಂದದ್ದು ಹಾಡಿನಿಂದ. ಅವನೇ ತನ್ನ ಸಂಗೀತವನ್ನು ಬಲೆ ಮಾಡಿಕೊಂಡ ಮೇಲೆ, ಕೇಳುಗರು ಮಾತ್ರ ಅದನ್ನು ಶುದ್ಧವಾಗಿ ಬೇರೆ ಇಡಬೇಕು ಎಂದು ಕೇಳುವುದು ಯಾವ ನ್ಯಾಯ?

ನಿಮ್ಮ ವೇದಿಕೆಯ ಮೇಲೆ ನಿಲ್ಲುವುದು ಹನ್ನೆರಡು ಹದಿಮೂರು ವರ್ಷದ ಮಕ್ಕಳು. ಕೆಳಗೆ ಕೂತವರಲ್ಲಿ ಯಾರಿಗೆ ಏನಾಗಿದೆ ನಮಗೆ ಗೊತ್ತಿಲ್ಲ. ಗಾಯಕನ ವಿಷಯ ತಿಳಿದ ತಾಯಿಯೋ, ಅಂಥದ್ದನ್ನು ಅನುಭವಿಸಿದ ಹುಡುಗಿಯೋ ಅಲ್ಲಿ ಇರಬಹುದು. ಮನೆಯಲ್ಲಾದರೆ ಅವಳು ಹಾಡು ನಿಲ್ಲಿಸಬಹುದು. ಶಾಲೆಯ ಮೈದಾನದಲ್ಲಿ ಮೈಕ್ ನಿಮ್ಮ ಕೈಯಲ್ಲಿದೆ. ಹಾಡು ತಪ್ಪು ಮಾಡಿದೆ ಎಂದು ನಾನು ಹೇಳುತ್ತಿಲ್ಲ. ಆ ಕೂತವರ ಬಗ್ಗೆ ಯೋಚನೆ ಮಾಡಿ ಎನ್ನುತ್ತಿದ್ದೇನೆ. ಮಕ್ಕಳು ಪಟ್ಟ ಶ್ರಮ ವ್ಯರ್ಥವಾಗುತ್ತದೆ ಎಂಬ ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೂ ಬದಲಾಯಿಸಿ.

ಇನ್ನು ದುಡ್ಡಿನ ವಿಷಯ. ಒಂದು ಹಾಡಿಗೆ ಎರಡು ಹಕ್ಕುಗಳಿರುತ್ತವೆ, ಬರೆದದ್ದಕ್ಕೆ ಒಂದು, ರೆಕಾರ್ಡ್ ಮಾಡಿದ್ದಕ್ಕೆ ಒಂದು. ಕೆಲ್ಲಿ ತಾನೇ ಬರೆದು ತಾನೇ ಹಾಡಿದವನು. ಅಪರಾಧಿ ಎಂಬ ತೀರ್ಪು ಬಂದ ವಾರದಲ್ಲಿ ಅವನ ಆಲ್ಬಂಗಳ ಮಾರಾಟ ಬೀಳಲಿಲ್ಲ, ಏರಿತು. ಇಂಟರ್ನೆಟ್ಟಿನಲ್ಲಿ ಹಾಡು ಕೇಳಿಸುವ ಸ್ಪಾಟಿಫೈ ಕಂಪನಿ 2018ರ ಮೇ ತಿಂಗಳಲ್ಲಿ ಅವನ ಹಾಡುಗಳನ್ನು ತನ್ನ ಪ್ಲೇಲಿಸ್ಟ್‌ಗಳಿಂದ ತೆಗೆಯಿತು, ಮೂರೇ ವಾರದಲ್ಲಿ ಆ ನೀತಿಯನ್ನೇ ವಾಪಸ್ ಪಡೆಯಿತು. ದಾರಿ ತೋರಿಸಿದ್ದು ನ್ಯಾಯಾಲಯವೇ. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ಅವನ ರಾಯಧನದಿಂದ ಐದು ಲಕ್ಷ ಡಾಲರಿಗೂ ಜಾಸ್ತಿ ಹಣವನ್ನು ಸಂತ್ರಸ್ತೆಯರ ಪರಿಹಾರಕ್ಕೂ ದಂಡಕ್ಕೂ ವಸೂಲಿ ಮಾಡಲು ಆದೇಶಿಸಿದರು. ಇದು ನನಗೆ ಬಹಳ ಸರಿ ಕಂಡಿತು. ಹಾಡನ್ನು ಸುಟ್ಟುಹಾಕುವ ಬದಲು ಅದು ದುಡಿದದ್ದು ನೊಂದವರಿಗೆ ಸೇರಲಿ.

ಸತ್ತು ಬಹಳ ಕಾಲವಾದ ಕಲಾವಿದನಾದರೆ ದುಡ್ಡಿನ ಪ್ರಶ್ನೆ ಹೋಗುತ್ತದೆ, ನೋವಿನ ಪ್ರಶ್ನೆ ಹೋಗುವುದಿಲ್ಲ. ಜರ್ಮನಿಯ ಸಂಗೀತ ರಚನೆಕಾರ ವಾಗ್ನರ್ 1883ರಲ್ಲಿ ತೀರಿಕೊಂಡ. ಯಹೂದಿಗಳ ವಿರುದ್ಧ ದ್ವೇಷದ ಲೇಖನ ಬರೆದವನು. ಮುಂದೆ ಹಿಟ್ಲರನ ಮೆಚ್ಚಿನ ಸಂಗೀತಗಾರನಾದ. 1938ರಲ್ಲಿ ನಾಜಿಗಳು ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳನ್ನು ನಾಶಮಾಡಿದ ಮೇಲೆ, ಇಂದು ಇಸ್ರೇಲ್ ಫಿಲ್‌ಹಾರ್ಮೋನಿಕ್ ಎನಿಸಿಕೊಂಡ ವಾದ್ಯವೃಂದ ಅವನ ಸಂಗೀತ ನುಡಿಸುವುದನ್ನು ಬಿಟ್ಟಿತು. 2001ರ ಜುಲೈನಲ್ಲಿ ವಾದ್ಯವೃಂದದ ನಿರ್ದೇಶಕ ಡೇನಿಯಲ್ ಬ್ಯಾರೆನ್‌ಬಾಯಿಮ್ ಜೆರುಸಲೇಮಿನಲ್ಲಿ ಕಛೇರಿ ಮುಗಿಸಿ, ವಾಗ್ನರನ ಒಂದು ತುಣುಕು ನುಡಿಸಲೇ ಎಂದು ಸಭಿಕರನ್ನು ಕೇಳಿದರು. ಅರ್ಧ ಗಂಟೆ ವಾದ ನಡೆಯಿತು. ಕೆಲವರು ಕೂಗಾಡಿದರು, ಬಾಗಿಲು ಬಡಿದು ಹೊರಟುಹೋದರು. ಹೆಚ್ಚಿನವರು ಕೂತು ಕೇಳಿದರು. ಬ್ಯಾರೆನ್‌ಬಾಯಿಮ್ ಮಾಡಿದ್ದು ಸರಿಯೋ ತಪ್ಪೋ ಎಂದು ಇವತ್ತಿಗೂ ಜಗಳವಿದೆ. ನನಗೆ ಮುಖ್ಯ ಅನ್ನಿಸಿದ್ದು ಅವರು ಕೇಳಿದ್ದು. ಹೋಗಬೇಕಾದವರಿಗೆ ಎದ್ದು ಹೋಗಲು ಸಮಯ ಸಿಕ್ಕಿತು, ಅಲ್ವಾ?

ಈಗ ನಿಮ್ಮ ಕ್ಯಾಸೆಟ್‌ಗಳಿಗೆ ಬರೋಣ. ಇಲ್ಲಿ ನಾನು ಹುಷಾರಾಗಿ ಮಾತಾಡಬೇಕು. ಕೆಲ್ಲಿಯ ಅಪರಾಧ ನ್ಯಾಯಾಲಯದಲ್ಲಿ ಸಾಬೀತಾದದ್ದು. 2018ರಲ್ಲಿ ಕರ್ನಾಟಕ ಸಂಗೀತದ ಹಲವರ ಮೇಲೆ ಬಂದದ್ದು ಆರೋಪ. ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಆ ವರ್ಷದ ಡಿಸೆಂಬರ್ ಕಛೇರಿಗಳಿಂದ ಏಳು ಜನರನ್ನು ಕೈಬಿಟ್ಟಿತು. ನೀವು ಹೇಳುವ ಕಲಾವಿದರು ತಪ್ಪಿತಸ್ಥರು ಎಂದು ನಾನು ಇಲ್ಲಿ ಕೂತು ತೀರ್ಪು ಕೊಡಲಾರೆ. ಆದರೆ ಅಕಾಡೆಮಿ ಮಾಡಿದ್ದು ಅನ್ಯಾಯ ಎಂಬ ವಾದವನ್ನೂ ಒಪ್ಪಲಾರೆ. ಕಛೇರಿ ಯಾರ ಜನ್ಮಸಿದ್ಧ ಹಕ್ಕೂ ಅಲ್ಲ, ಅದನ್ನು ಏರ್ಪಡಿಸುವ ಸಂಗೀತ ಸಭೆಯವರು ಕೊಡುವ ಮರ್ಯಾದೆ. ಒಂದು ಸಲ ತಡೆಹಿಡಿಯಲು ಗಂಭೀರ ದೂರು ಸಾಕು. ಶಾಶ್ವತವಾಗಿ ಹೊರಗಿಡಬೇಕಾದರೆ ಎರಡೂ ಕಡೆಯ ಮಾತು ಕೇಳಿದ ವಿಚಾರಣೆ ಬೇಕು.

ನಮ್ಮ ಪದ್ಧತಿಯಲ್ಲಿ ವೇದಿಕೆಯ ಪ್ರಶ್ನೆ ಪಾಪ್ ಸಂಗೀತಕ್ಕಿಂತ ತೀಕ್ಷ್ಣ. ಯಾವುದೇ ಕಛೇರಿ ನೋಡಿ, ಬೆಂಗಳೂರಿನ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಪೆಂಡಾಲೇ ಆಗಲಿ. ವಿದ್ವಾಂಸರ ಹಿಂದೆ ತಂಬೂರಿ ಹಿಡಿದು ಒಬ್ಬ ಶಿಷ್ಯೆ ಕೂತಿರುತ್ತಾಳೆ. ಗುರುಗಳು ಉಸಿರು ತೆಗೆದುಕೊಂಡ ಕಡೆ ಅವಳು ಷಡ್ಜ ಹಿಡಿಯುತ್ತಾಳೆ. ಅನುಪಲ್ಲವಿಗೆ ಮೆಲ್ಲಗೆ ದನಿ ಸೇರಿಸುತ್ತಾಳೆ. ಎಲ್ಲರ ಕಣ್ಣು ಮುಂದೆ ಕೂತವರ ಮೇಲೆ. ಅವಳಿಗೆ ಮುಂದೆ ಒಂದು ಕಛೇರಿ ಸಿಗಬೇಕಾದರೆ, ಪಕ್ಕವಾದ್ಯದವರು ಒಪ್ಪಿಕೊಳ್ಳಬೇಕಾದರೆ, ಸಭಾ ಕಾರ್ಯದರ್ಶಿ ಫೋನ್ ಎತ್ತಬೇಕಾದರೆ, ಎಲ್ಲವೂ ಆ ಮುಂದೆ ಕೂತವರ ಒಂದು ಮಾತಿನಲ್ಲಿದೆ. ನಾವು ಶಾಲು ಹೊದಿಸಿದಾಗ ಆ ಮಾತಿಗೆ ಇನ್ನಷ್ಟು ತೂಕ ಬರುತ್ತದೆ. ದೂರು ಕೊಟ್ಟರೆ ಅವಳು ಕಳೆದುಕೊಳ್ಳುವುದು ಒಬ್ಬ ಗುರುವನ್ನಲ್ಲ, ಹತ್ತು ವರ್ಷದ ಸಾಧನೆಯನ್ನು. 2023ರಲ್ಲಿ ಚೆನ್ನೈನ ನೃತ್ಯ ಸಂಗೀತ ಶಾಲೆ ಕಲಾಕ್ಷೇತ್ರದ ವಿದ್ಯಾರ್ಥಿಗಳು ಲೈಂಗಿಕ ಕಿರುಕುಳದ ದೂರು ಹೊತ್ತು ಧರಣಿ ಕೂತಾಗ ಅವರು ಎಷ್ಟು ದೊಡ್ಡ ಅಪಾಯ ಮೈಮೇಲೆ ಹಾಕಿಕೊಂಡಿದ್ದರು ಎಂಬುದು ಸಂಗೀತ ನೃತ್ಯ ಕಲಿತವರಿಗೆ ಗೊತ್ತು.

ಹಾಗಾಗಿ ಟಿಕೆಟ್, ಪ್ರಶಸ್ತಿ, ಸನ್ಮಾನ, ಹೊಸ ಶಿಷ್ಯರು, ಇವು ನಾವು ತಡೆಯಬಹುದಾದ ವಿಷಯ. ಮನೆಯಲ್ಲಿ ಒಬ್ಬರೇ ಕೂತು ಹಳೇ ಕ್ಯಾಸೆಟ್ ಕೇಳಿದರೆ ಇದ್ಯಾವುದೂ ನಡೆಯುವುದಿಲ್ಲ. ನಿಮಗೆ ಕೇಳಬೇಕು ಅನ್ನಿಸಿದರೆ ಕೇಳಿ. ಕೇಳಲಾಗದಿದ್ದರೆ ಬಲವಂತ ಮಾಡಿಕೊಳ್ಳಬೇಡಿ. ಎರಡರಲ್ಲೂ ನಾಚಿಕೆ ಪಡುವಂಥದ್ದಿಲ್ಲ. ಕಿವಿಗೆ ಯಾರೂ ಅಪ್ಪಣೆ ಕೊಡಲಾಗದು.

ಒಂದು ಸಮಾಧಾನವೂ ಇದೆ. ಪಾಪ್ ಹಾಡಿನಲ್ಲಿ ಆ ದನಿಯೇ ಹಾಡು. ನಮ್ಮಲ್ಲಿ ಹಾಗಲ್ಲ. ತೋಡಿ ರಾಗ ಯಾವ ವಿದ್ವಾಂಸರ ಸ್ವತ್ತೂ ಅಲ್ಲ. ಪುರಂದರದಾಸರ ಪದವನ್ನು, ತ್ಯಾಗರಾಜರ ಕೃತಿಯನ್ನು ನೂರು ಕಂಠಗಳು ಹಾಡಿವೆ, ಇನ್ನೂ ಹಾಡುತ್ತವೆ. ನೀವು ಅವರಿಂದ ಕೇಳಿ ಪ್ರೀತಿಸಿದ್ದು ಅವರೊಬ್ಬರ ಬಳಿ ಮಾತ್ರ ಇಲ್ಲ. ಆದರೂ ಸ್ವರದಿಂದ ಸ್ವರಕ್ಕೆ ಜಾರುವಾಗ ಒಬ್ಬರ ಗಂಟಲಿನಲ್ಲಿ ಬರುವ ಆ ಜಾರು ಇನ್ನೊಬ್ಬರಲ್ಲಿ ಬರುವುದಿಲ್ಲ, ನಿಮಗೆ ಬೇಕಾದದ್ದು ಅದೇ ಇರಬಹುದು. ಆ ನಷ್ಟ ನಿಜವಾದದ್ದು. ಅದನ್ನು ನಿಮ್ಮಿಂದ ಕಿತ್ತುಕೊಂಡದ್ದು ದೂರು ಕೊಟ್ಟವರಲ್ಲ ಎಂಬುದನ್ನು ಮಾತ್ರ ಮರೆಯಬೇಡಿ.

ಮಗಳಿಗೆ ಏನು ಹೇಳಲಿ ಎಂದಿದ್ದೀರಿ. ಇದ್ದದ್ದನ್ನು ಹೇಳಿ. ಚೆನ್ನಾಗಿ ಹಾಡುವವರೆಲ್ಲ ಒಳ್ಳೆಯವರಾಗಿರುವುದಿಲ್ಲ ಎಂದು ಹೇಳಿ. ಗುರುಗಳಿಗೆ ನಮಸ್ಕಾರ ಮಾಡುವುದು ಬೇರೆ, ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಬೇರೆ ಎಂದು ಹೇಳಿ. ಪಾಠದ ಹೊತ್ತಿನಲ್ಲಿ ಕೋಣೆಯ ಬಾಗಿಲು ತೆರೆದಿರಲಿ, ಆಗಾಗ ನೀವೂ ಹೋಗಿ ಕೂತುಕೊಳ್ಳಿ. ಒಳ್ಳೆಯ ಗುರುಗಳಿಗೆ ಇದರಿಂದ ಬೇಸರವಾಗುವುದಿಲ್ಲ. ಏನಾದರೂ ಆದರೆ ನೀನು ಹೇಳಿದ್ದನ್ನು ಮೊದಲು ನಂಬುವವಳು ನಾನು ಎಂದು ಈಗಲೇ, ಏನೂ ಆಗದಿರುವಾಗಲೇ, ಹೇಳಿಬಿಡಿ. ಮಕ್ಕಳ ಸಹಾಯವಾಣಿ 1098 ಅವಳಿಗೆ ಬಾಯಿಪಾಠ ಇರಲಿ. ನೀವು ಶಿಕ್ಷಕಿಯೂ ಹೌದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆಯಿದೆ. ಊರಿನ ಸಂಗೀತ ಸಭೆಯವರಿಗೂ ಸಂಗೀತ ಶಾಲೆಯವರಿಗೂ ಒಂದು ಪತ್ರ ಬರೆಯಿರಿ: ನಿಮ್ಮಲ್ಲಿ ಹುಡುಗಿಯರು ದೂರು ಕೊಡಬೇಕಾದರೆ ಯಾರ ಹತ್ತಿರ ಹೋಗಬೇಕು? ಅವರು ಕೊಟ್ಟ ಉತ್ತರ ನಮಗೂ ಕಳಿಸಿ, ಪ್ರಕಟಿಸುತ್ತೇವೆ.

ಸಂಪಾದಕ