ಮೆಡಿಕಲ್ ಶಾಪ್ ಮಾತ್ರೆಗೆ ಜಗ್ಗದ ಗೊನೋರಿಯಾ: ಒಂದು ಆಪ್ತಸಲಹೆ ಪ್ರಕರಣ

ಮೂವತ್ತರೊಳಗಿನ ವಯಸ್ಸು, ಜೆಸಿಬಿ ಆಪರೇಟರ್, ಹೆಂಡ್ತಿ ಏಳು ತಿಂಗ್ಳ ಗರ್ಭಿಣಿ, ತವರಲ್ಲಿದಾರೆ (ಗುರುತು ಸಿಗಬಾರ್ದು ಅಂತ ಕೆಲವು ವಿವರ ಬದಲಾಯಿಸಿದೀನಿ). ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ಕೊಡೋ ನಮ್ಮ ಸುರಕ್ಷಾ ಕ್ಲಿನಿಕ್‌ಗೆ ಬಂದು "ಬಾಗ್ಲು ಹಾಕ್ಲಾ ಮೇಡಂ" ಅಂತ ಕೇಳಿ ಕೂತವ್ರು ಸುಮಾರು ಹೊತ್ತು ಮಾತೇ ಆಡ್ಲಿಲ್ಲ, ಆಮೇಲೆ ಜೇಬಿಂದ ಎರಡು ಸ್ಟ್ರಿಪ್ ತೆಗ್ದು ಟೇಬಲ್ ಮೇಲಿಟ್ರು. ಮೊದ್ಲು ಸಿಪ್ರೋಫ್ಲಾಕ್ಸಾಸಿನ್, ಅದು ಕೇಳ್ಲಿಲ್ಲ ಅಂತ ಅಜಿತ್ರೋಮೈಸಿನ್, ಅದ್ರಲ್ಲೂ ಒಂದು ಮಾತ್ರೆ ಹಾಗೇ ಉಳ್ದಿತ್ತು. ಎಲ್ಲಾ ಚೀಟಿ ಇಲ್ದೆ ಮೆಡಿಕಲ್ ಶಾಪಲ್ಲಿ ತಗೊಂಡಿದ್ದು.

"ಉರಿ ಕಮ್ಮಿ ಆಯ್ತಲ್ಲ ಮೇಡಂ, ನಿಲ್ಲಿಸ್ಬಿಟ್ಟೆ. ಈಗ ಮತ್ತೆ ಕೀವು ಬರ್ತಿದೆ."

ಉರಿ ಕಮ್ಮಿ ಆದ್ರೆ ರೋಗಾಣು ಸತ್ತಿದೆ ಅಂತಲ್ಲ. ಗೊನೋರಿಯಾ, ಅಂದ್ರೆ ಲೈಂಗಿಕ ಸಂಪರ್ಕದಿಂದ ಹರಡೋ ಈ ಸೋಂಕು, ಒಂದೊಂದೇ ಔಷಧಿನ ದಾಟ್ಕೊಂಡು ಬಂದಿದೆ, ಸಲ್ಫಾ, ಪೆನ್ಸಿಲಿನ್, ಟೆಟ್ರಾಸೈಕ್ಲಿನ್, ಆಮೇಲೆ ಸಿಪ್ರೋ. 2016ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಸಿಪ್ರೋ ಗುಂಪಿನ ಮಾತ್ರೆ ಬೇಡ ಅಂದಿದೆ, ನಮ್ಮಲ್ಲಿ ಇನ್ನೂ ಕೇಳಿದವ್ರಿಗೆಲ್ಲ ಕೊಡ್ತಾರೆ, ನಂಗೆ ಇದೇ ಸಂಕಟ. 2018ರಲ್ಲಿ ಇಂಗ್ಲೆಂಡಿನ ಒಬ್ಬ ರೋಗಿಯಲ್ಲಿ ಸಿಕ್ಕ ರೋಗಾಣು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಅಜಿತ್ರೋಮೈಸಿನ್ ಎರಡಕ್ಕೂ ಬಗ್ಗದ್ದಾಗಿತ್ತು. ಇವೆರಡೂ ಕೈಬಿಟ್ರೆ ನಮ್ಮ ಹತ್ರ ಉಳಿಯೋದು ತೀರಾ ಕಮ್ಮಿ.

ಮನೆಯವ್ರ ವಿಷ್ಯ ಕೇಳ್ದೆ. "ಅವ್ಳಿಗೇನೂ ಇಲ್ಲ, ಚೆನ್ನಾಗೇ ಇದಾಳೆ, ಬೇಕಾದ್ರೆ ನನ್ ಮಾತ್ರೆನೇ ವಿಟಮಿನ್ ಅಂತ ಕೊಟ್ಬಿಡ್ತೀನಿ" ಅಂದ್ರು. ಅದು ಆಗಲ್ಲಪ್ಪಾ ಅಂದೆ. ಹೆಂಗಸ್ರಲ್ಲಿ ಎಷ್ಟೋ ಸಲ ಲಕ್ಷಣನೇ ಕಾಣ್ಸಲ್ಲ, ಆದ್ರೆ ಹೆರಿಗೆ ಹೊತ್ತಲ್ಲಿ ಮಗು ಕಣ್ಣಿಗೆ ಸೋಂಕು ಹತ್ತಿ ದೃಷ್ಟಿನೇ ಹೋಗ್ಬಹುದು. ಗರ್ಭಿಣಿಗೆ ಯಾವ ಔಷಧಿ ಅನ್ನೋದನ್ನ ಡಾಕ್ಟ್ರೇ ಹೇಳ್ಬೇಕು. ಮಗು ಮಾತು ಬಂದ ಮೇಲೆ ಅವ್ರಿಗೆ ಅಳು ತಡ್ಕೊಳ್ಳೋಕೆ ಆಗ್ಲಿಲ್ಲ.

ಹೇಳಿದ್ದು ಇಷ್ಟು. ಇನ್ಮೇಲೆ ಅಂಗಡಿ ಮಾತ್ರೆ ಬೇಡ, ತಗೊಂಡಿದ್ದೆಲ್ಲ ಡಾಕ್ಟ್ರಿಗೆ ಮುಚ್ಚಿಡದೆ ಹೇಳಿ, ಇಂಜೆಕ್ಷನ್‌ಗೆ ಮುಂಚೆನೇ ಕೀವಿನ ಸ್ಯಾಂಪಲ್ ಕಲ್ಚರ್‌ಗೆ (ಲ್ಯಾಬಲ್ಲಿ ರೋಗಾಣು ಬೆಳ್ಸಿ ನೋಡೋ ಟೆಸ್ಟ್‌ಗೆ) ಹೋಗ್ಲಿ, ಯಾವ ಔಷಧಿ ನಾಟುತ್ತೆ ಅಂತ ಅದ್ರಲ್ಲೇ ಗೊತ್ತಾಗೋದು. ಎಚ್‌ಐವಿ, ಸಿಫಿಲಿಸ್ ಟೆಸ್ಟ್ ಇವತ್ತೇ ಮಾಡ್ಸಿ, ಎಚ್‌ಐವಿ ಮೂರು ತಿಂಗ್ಳಿಗೆ ಇನ್ನೊಂದ್ಸಲ. ಇಬ್ರದ್ದೂ ಚಿಕಿತ್ಸೆ ಮುಗಿದು ಏಳು ದಿನ ಆಗೋವರ್ಗೂ ಸೇರೋದು ಬೇಡ, ಆಮೇಲೂ ಕಾಂಡೋಮ್ ಇರ್ಲಿ. ಒಬ್ರಿಗೇ ಚಿಕಿತ್ಸೆ ಆದ್ರೆ ಅದೇ ರೋಗಾಣು ಮನೆಗೂ ಹೊರಗೂ ಓಡಾಡ್ಕೊಂಡೇ ಇರುತ್ತೆ, ಔಷಧಿಗೆ ಬಗ್ಗದ ತಳಿ ಊರಿಗೆ ಹರಡೋದು ಹೀಗೇನೇ.

"ನೀವೇ ಅವ್ಳಿಗೆ ಹೇಳ್ಬಿಡಿ ಮೇಡಂ" ಅಂದ್ರು. ನಿಮ್ಮ ಗುಟ್ಟು ನನ್ ಬಾಯಿಂದ ಹೊರಗೆ ಬರಲ್ಲ, ಹಾಗಂತ ಅವ್ರಿಗೆ ಸುಳ್ಳು ಹೇಳಿ ಮಾತ್ರೆ ನುಂಗ್ಸೋಕೂ ನಾನು ಒಪ್ಪಲ್ಲ, ನೀವೇ ಹೇಳಿ, ನಾನು ಜೊತೆಗಿರ್ತೀನಿ ಅಂದೆ.

ಮುಂದಿನ ವಾರ ಇಬ್ರೂ ಬಂದ್ರು. ಆಯಮ್ಮ ಗಂಡನ ಮುಖ ನೋಡ್ಲಿಲ್ಲ, ನನ್ ಹತ್ರ ಕೇಳಿದ್ದು ಒಂದೇ, ಮಗುಗೆ ಏನಾಗುತ್ತೆ ಅಂತ. ಟೆಸ್ಟ್, ಔಷಧಿ ಎರಡೂ ಅವತ್ತೇ ಆಯ್ತು, ಹೆರಿಗೆ ಡಾಕ್ಟ್ರಿಗೂ ಬರ್ದುಕೊಟ್ವಿ. ಇವ್ರ ಕೀವು ನಿಂತಿದೆ. ಕೆಲಸದ ಸೈಟ್ ಹತ್ರ ಇವ್ರಿಗೆ ಸಂಬಂಧ ಇದ್ದ ಇನ್ನೊಬ್ಬ ಹೆಂಗಸಿಗೆ, ಕ್ಲಿನಿಕ್‌ಗೆ ಬರ್ಲಿ ಅಂತ ಇವ್ರ ಕೈಲೇ ಕಾರ್ಡ್ ಕೊಟ್ಟು ಕಳ್ಸಿದೀವಿ, ಆಕೆ ಇನ್ನೂ ಬಂದಿಲ್ಲ.