ಮಳೇಲಿ ನೋಡಿದ್ರೇನೇ ಅಂಗಳ ಗೊತ್ತಾಗೋದು

ಅಂಗಳ–ಹಿತ್ತಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ ನಮಸ್ಕಾರ. ನಮ್ದು ತೀರ್ಥಹಳ್ಳಿ ಹತ್ರ ಹಳ್ಳಿ, ಗುಡ್ಡದ ಓರೇಲಿ 10 ಗುಂಟೆ ಜಾಗ, ಹೋದ ವರ್ಷ ಹೊಸ ಮನೆ ಆಯ್ತು. ಜಾಗ ಸಮ ಮಾಡೋಕೆ ಜೆಸಿಬಿ ತರಿಸಿ ಮನೆ ಹಿಂದಿನ ಧರೆ, ಅಂದ್ರೆ ಗುಡ್ಡದ ಮಣ್ಣಿನ ಗೋಡೆ, 12 ಅಡಿ ನೆಟ್ಟಗೆ ಕಡಿಸಿದೀವಿ. ಈಗ ಸುತ್ತ ಗಾರ್ಡನ್ ಮಾಡ್ಬೇಕು ಅಂತ. ಮಗ ಬೆಂಗಳೂರಿಂದ ಲಾನು, ಪಾಮ್ ಗಿಡದ ಫೋಟೋ ಕಳಿಸ್ತಾನೆ. ನರ್ಸರಿಯವರೊಬ್ರು ಗಿಡ ನಮ್ಮ ಹತ್ರಾನೇ ತಗೊಂಡ್ರೆ ಡಿಸೈನ್ ಫ್ರೀ ಅಂದ್ರು. ಇನ್ನೊಬ್ರು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟು, ಬರೀ ನಕ್ಷೆಗೇ ಫೀಸ್ ಹೇಳ್ತಿದಾರೆ, ಅದೂ ಮಳೇಲಿ ಒಂದ್ಸಲ ಬಂದು ನೋಡ್ಬೇಕಂತೆ. ಪೇಪರಿಗೆ ಅಷ್ಟು ದುಡ್ಡು ಕೊಡೋದಾ?
— ಒಬ್ಬ ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಸರ್, ಮಳೇಲಿ ಬಂದು ನೋಡ್ತೀನಿ ಅಂದ್ರಲ್ಲ, ಅವ್ರನ್ನ ಬಿಡ್ಬೇಡಿ. ಪುನರ್ವಸು ಮಳೆ ಹೊಡೀತಿರೋ ಈ ಹೊತ್ತಲ್ಲಿ ಕೊಡೆ ಹಿಡ್ಕೊಂಡು, ಇಂಬಳ ಕಚ್ಚಿಸ್ಕೊಂಡು ನಿಮ್ಮ ಜಾಗ ಸುತ್ತೋಕೆ ತಯಾರಿರೋರು ಸಿಗೋದೇ ಅಪರೂಪ.

ನನ್ನ ಕಥೇನೇ ಹೇಳ್ತೀನಿ. ಈ ಕೆಲಸ ಶುರು ಮಾಡಿದ ಹೊಸದ್ರಲ್ಲಿ ಹೊಸನಗರದ ಕಡೆ ಒಂದು ಮನೆ, ಹೋಗಿ ಅಳತೆ ತಗೊಂಡಿದ್ದು ಮಾರ್ಚಲ್ಲಿ, ನೆಲ ಎಲ್ಲ ಒಣಗಿ ಗಟ್ಟಿಯಾಗಿತ್ತು, ಕೆಳಗಿನ ಮೂಲೇಲಿ ಹಲಸಿನ ಮರದ ನೆರಳು ತಣ್ಣಗಿತ್ತು ಅಂತ ಅಲ್ಲೇ ದುಂಡಗೆ ಕಲ್ಲುಬೆಂಚು ಹಾಕಿಸ್ದೆ. ಜುಲೈಲಿ ಮನೆಯವ್ರು ಫೋನ್ ಮಾಡಿ, "ಮೇಡಂ, ನಿಮ್ಮ ಬೆಂಚಿನ ಮೇಲೆ ಕಪ್ಪೆ ಕೂತಿದಾವೆ, ನಾವೆಲ್ಲಿ ಕೂರೋದು" ಅಂದ್ರು. ಹೋಗಿ ನೋಡಿದ್ರೆ ಮೊಣಕಾಲುದ್ದ ನೀರು. ಇಡೀ ಜಾಗದ ನೀರು ಬಂದು ಸೇರೋ ಮೂಲೆ ಅದು. ಆ ಮನೆ ಅಜ್ಜನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ರು, ನಾನು ಕೇಳಿರ್ಲಿಲ್ಲ. ಬೆಂಚು ಕೀಳಿಸಿ ಮೇಲೆ ಹಾಕ್ಸಿದ ಖರ್ಚು ನನ್ನ ಜೇಬಿಂದಾನೇ ಹೋಯ್ತು.

ಇನ್ನು ಪೇಪರಿನ ಮಾತು. ಸರಿಯಾಗಿ ಕೆಲಸ ಮಾಡೋರು ಮೊದಲ ದಿನ ಗಿಡದ ಹೆಸರೇ ಎತ್ತಲ್ಲ. ಮನೇಲಿ ಯಾರ್ಯಾರಿದಾರೆ, ಗಾಡಿ ಎಷ್ಟು, ದನ ಇದೆಯಾ, ಅಡಿಕೆ ಎಲ್ಲಿ ಒಣಗಿಸ್ತೀರಿ, ಬಾವಿ ಎಲ್ಲಿ, ಸೆಪ್ಟಿಕ್ ಟ್ಯಾಂಕ್ ಎಲ್ಲಿ, ಇದನ್ನೇ ಕೇಳ್ತಾರೆ. ಆಮೇಲೆ ಜಾಗದ ಲೆವೆಲ್ ತೆಗೀತಾರೆ, ದೊಡ್ಡ ಜಾಗ ಆದ್ರೆ ಸರ್ವೆ ಮಿಷನ್ನು, ಸಣ್ಣದಾದ್ರೆ ನಮ್ಮ ಮೇಸ್ತ್ರಿಗಳು ನೀರು ತುಂಬ್ಕೊಂಡು ಹಿಡಿಯೋ ಟ್ಯೂಬೇ ಸಾಕು. ಅದನ್ನೆಲ್ಲ 1:100 ಅಳತೇಲಿ ಒಂದು ನಕ್ಷೆಗೆ ಇಳಿಸಿ, ಬಿಸಿಲು ಎಲ್ಲಿಂದ, ಇರಸಲು (ಗಾಳಿಗೆ ಓರೆಯಾಗಿ ಬೀಳೋ ಮಳೆ) ಯಾವ ಕಡೆಯಿಂದ ಹೊಡಿಯುತ್ತೆ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅಂತ ಗುರುತು ಹಾಕ್ತಾರೆ. ಅದ್ರ ಮೇಲೆ ಎರಡು ಮೂರು ಥರ ಕಚ್ಚಾ ಯೋಚನೆ, ನೀವು ಒಪ್ಪಿದ್ದಕ್ಕೆ ಪಕ್ಕಾ ನಕ್ಷೆ, ಕೊನೇಗೆ ಚರಂಡಿ, ಮೆಟ್ಟಿಲು, ಗೋಡೆ ಇದರ ಒಂದೊಂದರ ಡ್ರಾಯಿಂಗು, ಗಿಡದ ಪಟ್ಟಿ, ಎಷ್ಟು ಸಾಮಾನು ಬೇಕು ಅನ್ನೋ ಲೆಕ್ಕ. ಆ ಲೆಕ್ಕ ಕೈಲಿದ್ರೆ ಮೂರು ಜನ ಕಂಟ್ರಾಕ್ಟರ್ ಹತ್ರ ಒಂದೇ ಕೆಲಸಕ್ಕೆ ರೇಟ್ ಕೇಳ್ಬಹುದು. ಇಲ್ಲಾಂದ್ರೆ ಒಬ್ಬ ಒಂದು ಹೇಳ್ತಾನೆ ಇನ್ನೊಬ್ಬ ಇನ್ನೊಂದು, ಯಾರು ಅಗ್ಗ ಅಂತ ಬ್ರಹ್ಮನಿಗೂ ಗೊತ್ತಾಗಲ್ಲ.

ನಿಮ್ಮ ವಿಷ್ಯದಲ್ಲಿ ಎಲ್ಲಕ್ಕಿಂತ ಮುಂಚೆ ಆ ಧರೆ. ನಮ್ಮ ಕಡೆ ಎಷ್ಟೋ ಕಡೆ ಮೇಲೆ ಗಟ್ಟಿ ಜಂಬಿಟ್ಟಿಗೆ, ಕೆಳಗೆ ಶೇಡಿ ಮಣ್ಣು. ಒಣಗಿದ್ದಾಗ ಗೋಡೆ ಥರ ನಿಲ್ಲುತ್ತೆ, ನೀರು ಕುಡೀತು ಅಂದ್ರೆ ಬೆಣ್ಣೆ, ಮೇಲಿನ ಕಲ್ಲನ್ನೂ ಕರ್ಕೊಂಡು ಕೂತ್ಕೊಂಡ್ಬಿಡುತ್ತೆ. 12 ಅಡಿ ನೆಟ್ಟಗೆ ಕಡ್ದಿದೀರಿ ಅಂತ ಓದಿದಾಗ್ಲೇ ನಂಗೆ ಹೆದ್ರಿಕೆ ಆಯ್ತು. ಈ ಮಳೆಗಾಲ ಮುಗಿಯೋವರೆಗೆ ಧರೆ ಪಕ್ಕದ ಕೋಣೇಲಿ ಯಾರೂ ಮಲಗ್ಬೇಡಿ. ಧರೆ ನೆತ್ತಿಯಿಂದ ಸ್ವಲ್ಪ ಹಿಂದಕ್ಕೆ, ಗುಡ್ಡದ ನೀರು ಧರೆಗೆ ಬೀಳದೆ ಪಕ್ಕಕ್ಕೆ ತಿರುಗೋ ಹಾಗೆ ಒಂದು ಅಗಳು, ಅಂದ್ರೆ ಕಾಲುವೆ, ಬೇಕು. ಆದ್ರೆ ಮಣ್ಣು ನೆನೆದಿರೋ ಈ ಹೊತ್ತಲ್ಲಿ ನೆತ್ತಿ ಮೇಲೆ ಜನ ಬಿಟ್ಟು ಅಗೆಸೋಕೆ ಹೋಗ್ಬೇಡಿ, ಇಂಜಿನಿಯರ್ ಬಂದು ನೋಡಿ ಹೇಳಿದ್ಮೇಲೇ ಕೈ ಹಾಕಿ. ಮಳೆ ಬಿಟ್ಟ ಮೇಲೆ ಧರೇನ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಸರಿಸ್ಬೇಕಾ ಗೋಡೆ ಕಟ್ಬೇಕಾ ಅನ್ನೋದೂ ಅವರೇ ಹೇಳ್ಲಿ, ಮೇಸ್ತ್ರಿ ಅಂದಾಜಿಗೆ ಬಿಡೋ ಎತ್ತರ ಅದಲ್ಲ. ಗೋಡೆ ಕಟ್ಟಿದ್ರೆ ಹಿಂದೆ ಜಲ್ಲಿ ತುಂಬಿ, ಅಲ್ಲಲ್ಲಿ ಪೈಪು ಕೂರ್ಸಿ ನೀರು ಹೊರಗೆ ಬರೋ ಹಾಗೆ ಮಾಡ್ಬೇಕು. ಗೋಡೆ ಬೀಳೋದು ಹೆಚ್ಚಾಗಿ ಹಿಂದೆ ಕಟ್ಕೊಂಡ ನೀರಿಂದ. ಓರೆ ಮಾಡಿದ ಜಾಗಕ್ಕೆ ಲಾವಂಚ ಸಾಲು ಹಾಕಿ, ಅದ್ರ ಬೇರು ನೆಟ್ಟಗೆ ಕೆಳಗಿಳಿದು ಮಣ್ಣು ಹಿಡ್ಕೊಳುತ್ತೆ.

ಆಮೇಲೆ ಮಾಡಿನ ನೀರು. 1500 ಚದರಡಿ ಮಾಡಿನ ಮೇಲೆ ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ರೆ ಹತ್ತಿರ ಹತ್ತಿರ 14 ಸಾವಿರ ಲೀಟರ್. ನಿಮ್ಮ ಪಕ್ಕದ ಆಗುಂಬೇಲಿ ವರ್ಷಕ್ಕೆ ಸರಾಸರಿ 7 ಸಾವಿರ ಮಿಲಿಮೀಟರ್ ಮೇಲೆ ಬೀಳೋದು ಅಂದ್ಮೇಲೆ ನಮ್ಮಲ್ಲಿ ಇಂಥ ದಿನ ಏನು ವಿಶೇಷ ಅಲ್ಲ. ಅಷ್ಟು ನೀರಿಗೆ ದಾರಿ ಬರೆದಿಲ್ಲದ ನಕ್ಷೆ ಎಷ್ಟು ಬಣ್ಣ ಬಣ್ಣವಾಗಿದ್ರೂ ವಾಪಸ್ ಕೊಡಿ. ಗೋಡೆಯಿಂದ ಆಚೆಗೆ 10 ಅಡಿಗೆ ಎರಡೂವರೆ ಇಂಚಾದ್ರೂ ಇಳಿಜಾರು ಇದೆಯಾ ಅಂತ ನೀವೇ ಕೇಳಿ.

ಫ್ರೀ ಡಿಸೈನ್ ಬಗ್ಗೆ ಜಾಸ್ತಿ ಹೇಳಲ್ಲ. ಗಿಡ ಮಾರೋರು ನಕ್ಷೆ ಬರೆದ್ರೆ ನಕ್ಷೆ ತುಂಬ ಗಿಡಾನೇ ಇರುತ್ತೆ. ಸುತ್ತ ಮುತ್ತ ಅಡಿಕೆ ತೋಟ, ಅಂಗಳಕ್ಕೆ ದುಡ್ಡು ಕೊಟ್ಟು ಅರೆಕಾ ಪಾಮ್ ತಂದು ನೆಟ್ಟವ್ರನ್ನ ಕಂಡಿದೀನಿ ಮಾರಾಯ್ರೆ! ಹಳದಿ ಹೂವಿನ ಸಿಂಗಾಪುರ್ ಡೈಸಿ ಬಳ್ಳಿ ನೆಲ ಬೇಗ ಮುಚ್ಚುತ್ತೆ ಅಂತ ಕೊಡೋಕೆ ಬಂದ್ರೆ ಬೇಡ ಅನ್ನಿ, ಅದು ಅಂಗಳ ಮುಚ್ಚಿ ತೋಟಕ್ಕಿಳಿದು ಹಳ್ಳದ ದಂಡೆಗೂ ಹೋಗುತ್ತೆ. ಸುರಗಿ, ರಂಜ, ಸಂಪಿಗೆ, ಮುರುಗಲು, ಕೇಪಳ ಇವೆಲ್ಲ ನಮ್ಮ ಮಳೆ ಕಂಡಿರೋ ಗಿಡಗಳು. ಮಗನಿಗೆ ಲಾನು ಬೇಕೇ ಬೇಕಾದ್ರೆ ಬಿಸಿಲು ಬೀಳೋ ಕಡೆ ಒಂದು ತುಂಡು ಸಾಕು.

ಫೀಸು ಚದರಡಿ ಲೆಕ್ಕದಲ್ಲೋ, ಕೆಲಸದ ಖರ್ಚಲ್ಲಿ ಇಷ್ಟು ಪರ್ಸೆಂಟ್ ಅಂತಲೋ, ಒಟ್ಟಾಗಿಯೋ ಇರುತ್ತೆ. ಯಾವುದಾದ್ರೂ ಆಗ್ಲಿ, ಹಂತ ಹಂತವಾಗಿ ಕೊಡೋದು, ಕೆಲಸ ನಡೆಯುವಾಗ ಎಷ್ಟು ಸಲ ಸೈಟಿಗೆ ಬರ್ತಾರೆ ಅನ್ನೋದು, ಎರಡನ್ನೂ ಬರೆಸ್ಕೊಳ್ಳಿ. ದೀಪಾವಳಿ ಒಳಗೆ ನಕ್ಷೆ ಮುಗಿದ್ರೆ ಮಣ್ಣು, ಚರಂಡಿ, ಕಲ್ಲಿನ ಕೆಲಸ ಬೇಸಿಗೇಲಿ, ಗಿಡ ಮುಂದಿನ ಜೂನಲ್ಲಿ. ಪೈಪು, ವೈರು ಹೋಗೋದು ಕಲ್ಲು ಹಾಸೋಕೆ ಮುಂಚೆ. ಇದು ಎಲ್ರಿಗೂ ಗೊತ್ತು, ಆದ್ರೂ ಪ್ರತಿ ಮನೇಲೂ ಹಾಸಿದ ಕಲ್ಲು ಒಂದ್ಸಲ ಕೀಳ್ತಾರೆ.

ಪ್ರಶ್ನೆ: ಶಿವಮೊಗ್ಗದಲ್ಲಿ 30–40 ಸೈಟು, ಮನೆ ಕಟ್ಟಿ ಎದುರು 5 ಅಡಿ ಉಳಿದಿದೆ. ಡಿಸೈನರ್ ಬೇಕಾ?

ಉತ್ತರ: ಪೂರ್ತಿ ನಕ್ಷೆ ಏನೂ ಬೇಡ. ಒಂದ್ಸಲ ಮನೆಗೆ ಕರ್ಸಿ, ಆ ಭೇಟಿ ಫೀಸ್ ಕೊಟ್ಟು ಒಂದು ಗಂಟೆ ಮಾತಾಡಿ. ಸಂಪ್ ಪಕ್ಕ ದೊಡ್ಡ ಬೇರಿನ ಮರ ಬೇಡ. ಎಲ್ಲಾ ಕಡೆ ಟೈಲ್ಸ್ ಹಾಕ್ಬೇಡಿ, ನೀರು ಇಂಗೋಕೆ ಒಂದಿಷ್ಟು ಮಣ್ಣು ಬಿಡಿ. ನಂದಿಬಟ್ಟಲು, ದಾಸವಾಳ ಆರಾಮಾಗಿ ಬರುತ್ತೆ.

ಪ್ರಶ್ನೆ: ಅಂಗಳಕ್ಕೆ ಪಾಲಿಶ್ ಗ್ರಾನೈಟ್ ಹಾಸಿದೀವಿ, ಮಳೆಗಾಲದಲ್ಲಿ ಪಾಚಿ, ಎರಡು ಸಲ ಬಿದ್ದೆ. ಏನು ಮಾಡ್ಲಿ? — ಕೊಪ್ಪ

ಉತ್ತರ: ನಡೆಯೋ ಜಾಗದಷ್ಟಾದ್ರೂ ಮೇಲ್ಮೈ ಒರಟು ಮಾಡಿಸಿ, ಕಲ್ಲು ಕೀಳೋದು ಬೇಕಾಗಲ್ಲ. ಮೇಲೆ ಬಾಗಿರೋ ಕೊಂಬೆ ಸವರಿಸಿ ಬಿಸಿಲು ಬೀಳೋ ಹಾಗೆ ಮಾಡಿ. ಅಲ್ಲೀವರೆಗೆ ನಮ್ಮ ಹಳೇ ಉಪಾಯ, ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಸಿ ಅದ್ರ ಮೇಲೆ ಓಡಾಡಿ.

ಪ್ರಶ್ನೆ: ತಂಗೀ, ನಂಗೆ ಎಪ್ಪತ್ತಾಯ್ತು. ಅಂಗಳದ ಅಂಚಲ್ಲಿ ಪ್ರತಿ ಮಳೆಗಾಲ ಡೇರೆ ಹೂವಿನ (ಡೇಲಿಯಾ) ಗಿಡ ಹಾಕ್ತೀನಿ, ಹದಿನೆಂಟು ಬಣ್ಣ ಇದೆ. ಮಗ ಯಾರನ್ನೋ ಕರ್ಸಿ ನಕ್ಷೆ ಮಾಡ್ಸಿದಾನೆ, ಅದ್ರಲ್ಲಿ ಅಲ್ಲೆಲ್ಲ ಇಂಟರ್‌ಲಾಕ್, ಕಾರು ನಿಲ್ಸೋಕಂತೆ. ಹೇಳಿದ್ರೆ "ನಕ್ಷೆ ಆಗೋಗಿದೆ ಅಮ್ಮ" ಅಂತಾನೆ. — ಸಾಗರ

ಉತ್ತರ: ಅಮ್ಮ, ಆಗೋಗಿದ್ದು ನಕ್ಷೆ ತಾನೆ, ಇಂಟರ್‌ಲಾಕ್ ಇನ್ನೂ ಹಾಕಿಲ್ವಲ್ಲ. ತಪ್ಪು ಆ ಡಿಸೈನರ್‌ದು, ದುಡ್ಡು ಕೊಡೋರನ್ನ ಮಾತ್ರ ಕೇಳಿ ಬರೆದಿದಾರೆ, ದಿನಾ ಅಂಗಳಕ್ಕಿಳಿಯೋರನ್ನ ಕೇಳಿಲ್ಲ. ಅವ್ರನ್ನ ಮತ್ತೆ ಕರ್ಸೋಕೆ ಹೇಳಿ, ಕಾಫಿ ಕೊಟ್ಟು ಎದುರು ಕೂರ್ಸ್ಕೊಂಡು ಮಾತಾಡಿ. ಡೇರೆಗೆ ಅರ್ಧ ದಿನ ಬಿಸಿಲು ಬೇಕು, ಬುಡದಲ್ಲಿ ನೀರು ನಿಂತ್ರೆ ಗೆಡ್ಡೆ ಕೊಳೆಯುತ್ತೆ, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಅವ್ರಿಗೆ ಗೊತ್ತಿರಲ್ಲ. ಕಾರಿನ ಜಾಗ ಸ್ವಲ್ಪ ಪಕ್ಕಕ್ಕೆ ಸರಿಸಿ, ಅಂಚಿಗೆ ಜಂಬಿಟ್ಟಿಗೆ ಕಲ್ಲಲ್ಲಿ ಒಂದಡಿ ಎತ್ತರದ ಕಟ್ಟೆ ಥರ ಮಡಿ ಕಟ್ಟಿಸಿದ್ರೆ ಮಗನ ಕಾರೂ ನಿಲ್ಲುತ್ತೆ, ಡೇರೆಗೂ ಜಾಗ ಆಗುತ್ತೆ, ನಿಮಗೆ ಬಗ್ಗೋದೂ ಕಮ್ಮಿ. ಅಡಿಕೆ ಹರವೋ ಜಾಗಾನೂ ಅವ್ರಿಗೆ ತೋರಿಸಿ, ನಕ್ಷೇಲಿ ಅದನ್ನೂ ಮರೆತಿರ್ತಾರೆ. ಹದಿನೆಂಟು ಬಣ್ಣದಲ್ಲಿ ಹಳದಿ ಇದ್ರೆ ಈ ಸಲ ಗೆಡ್ಡೆ ಕೀಳುವಾಗ ನಂಗೂ ಒಂದು ಎತ್ತಿಡಿ, ನನ್ನ ಹತ್ರ ಇದ್ದದ್ದು ಹೋದ ಮಳೇಲಿ ಕೊಳೆತು ಹೋಯ್ತು.